ಅರ್ಧ ಓದಿ ಬನ್ನಿ, ಸಾರಾಂಶ ನೋಡಿ ಬರಬೇಡಿ

ನಮಸ್ಕಾರ. ಹೋದ ಸಂಚಿಕೆಯಲ್ಲಿ ಕೋಲಾರದ ನಮ್ಮ ಓದುಗರ ಬಳಗದ ವಿಷಯ ಹೇಳಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: ‘ಅಷ್ಟು ದಪ್ಪ ಪುಸ್ತಕ ಓದೋಕೆ ಯಾರಿಗಿದೆ ಪುರುಸೊತ್ತು? ಹತ್ತು ನಿಮಿಷದ ವಿಡಿಯೋದಲ್ಲಿ ಕಥೆ ಸಿಗುತ್ತೆ. ಅದನ್ನ ನೋಡಿ ಬಂದರೆ ಸಾಲದಾ?’

ಸಾಲದು. ನಲವತ್ತು ಪುಟ ಓದಿ ಬನ್ನಿ, ಖುಷಿಯಿಂದ ಕೂರಿಸಿಕೊಳ್ಳುತ್ತೇವೆ. ಸಾರಾಂಶ ನೋಡಿ ಮಾತ್ರ ಬರಬೇಡಿ.

ಹೋದ ತಿಂಗಳು ‘ಚಿಕವೀರ ರಾಜೇಂದ್ರ’ ಓದಿದೆವು. ಮಾಸ್ತಿ ನಮ್ಮ ಮಾಲೂರು ತಾಲ್ಲೂಕಿನವರು. 1983ರ ಜ್ಞಾನಪೀಠ ಬಂದಿದ್ದು ಈ ಕಾದಂಬರಿಗೇ. ಸಾರಾಂಶ ಏನು ಹೇಳುತ್ತದೆ? ರಾಜ ಕೆಟ್ಟವನು, 1834ರಲ್ಲಿ ಕೊಡಗು ಇಂಗ್ಲಿಷರ ಕೈಗೆ ಹೋಯಿತು. ಮುಗೀತು! ಆದರೆ ನಮ್ಮ ಬಳಗದ ಹಿರಿಯರೊಬ್ಬರು, ಯಾವತ್ತೂ ಮಾತಾಡದ ಅಮ್ಮ, ರಾಣಿ ಗೌರಮ್ಮನ ಒಂದು ಪುಟ ಓದಿ ಪುಸ್ತಕ ಮುಚ್ಚಿದರು. ‘ಇವಳ ಸಂಕಟ ನನಗೆ ಗೊತ್ತು’ ಅಂದರು. ಚಾಪೆ ಮೇಲೆ ಕೂತಿದ್ದ ಹದಿನೈದು ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆ ಮಾತು ನಿಮ್ಮ ಹತ್ತು ನಿಮಿಷದಲ್ಲಿ ಎಲ್ಲಿ ಸಿಗುತ್ತದೆ, ಹೇಳಿ?

ಪುರುಸೊತ್ತು ಇಲ್ಲ ಅಂತೀರಿ. ಬೆಳಗಿನ ಜಾವ ಟೊಮೆಟೊ ಮಂಡಿಗೆ ಹೋಗುವ ತಮ್ಮ ಒಬ್ಬ ನಮ್ಮಲ್ಲಿದ್ದಾನೆ. ಅವನು ಓದಿದ್ದು ಬರೀ ನಲವತ್ತು ಪುಟ. ‘ಇಂಥ ರಾಜನನ್ನ ಮಂತ್ರಿಗಳು ಯಾಕೆ ಸಹಿಸಿಕೊಂಡರು ಅಣ್ಣಾ?’ ಅಂತ ಕೇಳಿದ. ಅದೊಂದು ಪ್ರಶ್ನೆಯ ಮೇಲೆ ಒಂದು ಗಂಟೆ ಮಾತಾಡಿದೆವು. ಸಾರಾಂಶ ನೋಡಿ ಬಂದಿದ್ದರೆ ಅವನು ಕೇಳುತ್ತಿದ್ದನಾ? ಉತ್ತರ ಗೊತ್ತಿದೆ ಅಂದುಕೊಂಡು ಸುಮ್ನೆ ಕೂರುತ್ತಿದ್ದ.

ಪುಸ್ತಕ ಕೊಳ್ಳೋಕೆ ದುಡ್ಡಿಲ್ಲ ಅನ್ನುವವರೂ ಇದ್ದಾರೆ. ಮನೆ ಕಂದಾಯದ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೀರಲ್ಲ, ಹೋಗಿ ಎರವಲು ತನ್ನಿ. ನಮ್ಮಲ್ಲಿ ಒಂದೇ ಪ್ರತಿ ಮೂರು ಮನೆ ಸುತ್ತಿದೆ. ಯಾರು ಎಲ್ಲಿ ನಿಲ್ಲಿಸಿದ್ದರು ಅಂತ ಒಳಗಿದ್ದ ಬಸ್ ಟಿಕೆಟ್ಟೇ ಹೇಳುತ್ತಿತ್ತು.

ಹಾಂ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಹೊಸಬರು ಬಳಗಕ್ಕೆ ಬರೋದು ಇದನ್ನ ನೋಡಿಯೇ.

ಇನ್ನೊಬ್ಬರು ಕೇಳಿದ್ದಾರೆ, ‘ಕಥೆ ಗೊತ್ತಾದರೆ ಆಯಿತಲ್ವಾ?’ ಆಗಲ್ಲ ಸ್ವಾಮಿ! ಪಕ್ಕದ ಮನೆಯವರು ಮುದ್ದೆ ಉಂಡ ಸುದ್ದಿ ಕೇಳಿದರೆ ನಿಮ್ಮ ಹೊಟ್ಟೆ ತುಂಬುತ್ತಾ? ಬೇಡ ಅಂದರೆ ಬೇಡ. ಸಾರಾಂಶ ಬೇಡ!

ಮುಂದಿನ ತಿಂಗಳು ಮುಳಬಾಗಿಲಿನ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’. 945 ಪದ್ಯ, ಒಂದೊಂದೂ ನಾಲ್ಕೇ ಸಾಲು. ಹತ್ತು ಪದ್ಯ ಓದಿ ಬಂದರೂ ಸಾಕು. ನಾಲ್ಕು ಸಾಲಿಗೂ ವಿಡಿಯೋ ನೋಡಿ ಬರುತ್ತೇನೆ ಅಂದರೆ ಮಾತ್ರ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂವರೆ. ಪುಸ್ತಕ ಕೈಯಲ್ಲೇ ಇರಲಿ.