ದನಿ ಅವರದು, ಅಕ್ಷರ ನಮ್ಮದು

ಶ್ರೋತೃಗಳಿಗೆ ನಮಸ್ಕಾರ.

ಊಟ ಮುಗಿಸಿ ರೇಡಿಯೊ ಹಚ್ಚಿ ಕೂತಿರುವ ನಿಮ್ಮನ್ನು ನೆನೆಸಿಕೊಂಡೇ ಮಾತಾಡುತ್ತಿದ್ದೇನೆ. ಹೊರದೇಶದ ಟಿವಿಯಲ್ಲಿ ಎಂಥೆಂಥ ಸಿನಿಮಾ, ನಾಟಕ, ಸಾಕ್ಷ್ಯಚಿತ್ರ ಬರುತ್ತವೆ, ಅದರ ಬಗ್ಗೆ ಹೇಳಿ ಎಂದು ಕೇಂದ್ರದವರು ಕರೆದರು. ನಾನು ಬಹಳ ವರ್ಷ ಸಿನಿಮಾ ಪಾಠ ಮಾಡಿದವಳು. ನಡುವೆ ಮನೆಯವರ ಕೆಲಸದ ನಿಮಿತ್ತ ನಾಲ್ಕು ವರ್ಷ ಫಿನ್ಲೆಂಡಿನ ಟಾಂಪೆರೆ ಎಂಬ ಊರಿನಲ್ಲಿದ್ದೆ. ಹಾಗಾಗಿ ಫಿನ್ಲೆಂಡಿನ ಟಿವಿಯನ್ನೇ ಆರಿಸಿಕೊಂಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಪುಟ್ಟ ಮಕ್ಕಳ ಕಾರ್ಟೂನು ಬಿಟ್ಟರೆ ಆ ದೇಶದ ಟಿವಿ ಯಾವ ಭಾಷೆಯ ಚಿತ್ರ ತಂದರೂ ಅದರ ದನಿಯನ್ನು ಮುಟ್ಟುವುದಿಲ್ಲ. ಜಪಾನಿನವರು ಜಪಾನಿಯಲ್ಲೇ ಮಾತಾಡುತ್ತಾರೆ, ಫ್ರಾನ್ಸಿನವರು ಫ್ರೆಂಚಿನಲ್ಲೇ ಅಳುತ್ತಾರೆ. ಕೆಳಗೆ ಫಿನ್ನಿಶ್ ಭಾಷೆಯಲ್ಲಿ ಎರಡು ಸಾಲು ಬರುತ್ತದೆ, ಅಷ್ಟೆ. ದನಿ ಅವರದು, ಅಕ್ಷರ ನಮ್ಮದು. ಆ ಟಿವಿಯ ಸಿರಿವಂತಿಕೆಯೆಲ್ಲ ಈ ಒಂದು ಪದ್ಧತಿಯಲ್ಲಿದೆ.

ದೇಶ ಎಷ್ಟು ದೊಡ್ಡದು ಅಂತೀರಿ? ಜನಸಂಖ್ಯೆ ಸುಮಾರು 56 ಲಕ್ಷ. ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಷ್ಟು ಜನರಿಗಾಗಿ ಯೂಲೆ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ ಇದೆ. 1926ರಲ್ಲಿ ರೇಡಿಯೊ ಆಗಿ ಶುರುವಾಯಿತು, 1958ರಿಂದ ಕ್ರಮವಾಗಿ ಟಿವಿ ಪ್ರಸಾರ ಮಾಡುತ್ತಿದೆ. ಅದರ ಎರಡನೇ ವಾಹಿನಿಯ ಬೇರು ನಾನಿದ್ದ ಟಾಂಪೆರೆಯಲ್ಲೇ ಇದೆ. ಖಾಸಗಿ ವಾಹಿನಿಗಳೂ ಉಂಟು, ಅವುಗಳಲ್ಲಿ ಎಂ ಟಿವಿ ಎಂಬುದು (ನಮಗೆ ಗೊತ್ತಿರುವ ಹಾಡಿನ ಎಂಟಿವಿ ಅಲ್ಲ) 1957ರಿಂದಲೇ ಇದೆ. ಮೊದಲು ಮನೆಮನೆಗೂ ಟಿವಿ ಶುಲ್ಕ ಇತ್ತು. 2013ರಿಂದ ಆದಾಯಕ್ಕೆ ತಕ್ಕಂತೆ ತೆರಿಗೆ ಕೊಡುತ್ತಾರೆ. ಆ ದುಡ್ಡಿನಲ್ಲಿ ಸುದ್ದಿ, ಮಕ್ಕಳ ಕಾರ್ಯಕ್ರಮ, ನಾಟಕ, ಜಗತ್ತಿನ ಒಳ್ಳೊಳ್ಳೆಯ ಸಿನಿಮಾ, ಎಲ್ಲವೂ ಬರಬೇಕು.

ಇಷ್ಟು ಚಿಕ್ಕ ಭಾಷೆಯವರಿಗೆ ಇದು ಹೇಗೆ ಸಾಧ್ಯವಾಗುತ್ತದೆ? ಡಬ್ಬಿಂಗ್ ಮಾಡಬೇಕೆಂದರೆ ಕಲಾವಿದರು ಬೇಕು, ಸ್ಟುಡಿಯೊ ಬೇಕು, ತುಟಿಗೆ ಮಾತು ಹೊಂದಿಸುವವರು ಬೇಕು. ಅಡಿಬರಹಕ್ಕೆ, ಅಂದರೆ ಸಬ್‌ಟೈಟಲ್ಲಿಗೆ, ಒಬ್ಬ ಒಳ್ಳೆಯ ಅನುವಾದಕಿ ಸಾಕು. ಖರ್ಚು ಎಷ್ಟೋ ಪಾಲು ಕಡಿಮೆ. ಉಳಿದ ದುಡ್ಡಿಗೆ ಇನ್ನೊಂದು ಚಿತ್ರ ಬರುತ್ತದೆ. ನಾನಿದ್ದಾಗ ಒಂದೇ ವಾರದಲ್ಲಿ ಡೆನ್ಮಾರ್ಕಿನ ಪತ್ತೇದಾರಿ ಧಾರಾವಾಹಿ, ಬ್ರಿಟನ್ನಿನ ನಾಟಕ, ರಷ್ಯಾದ ಹಳೆಯ ಚಿತ್ರ, ಆಫ್ರಿಕಾದ ಸಾಕ್ಷ್ಯಚಿತ್ರ ನೋಡಿದ್ದೇನೆ. ಮಧ್ಯಾಹ್ನದ ಹೊತ್ತು ಅವರದೇ ಹಳೆಯ ಕಪ್ಪು ಬಿಳುಪಿನ ಚಿತ್ರಗಳು ಬರುತ್ತವೆ. 1952ರ 'ವಾಲ್ಕೋಯಿನೆನ್ ಪೆಉರಾ', ಅಂದರೆ 'ಬಿಳಿ ಹಿಮಸಾರಂಗ' ಎಂಬ ಚಿತ್ರವನ್ನು ನೀವು ನೋಡಬೇಕು. ದೇಶದ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನ ಮದುವಣಗಿತ್ತಿಯೊಬ್ಬಳು ಹಿಮಸಾರಂಗವಾಗಿ ಬದಲಾಗಿ ಬೇಟೆಗಾರರನ್ನು ಸೆಳೆದು ಕೊಲ್ಲುವ ಕಥೆ. ನಮ್ಮ ಅಜ್ಜಿಯರು ಹೇಳುವ ಮೋಹಿನಿ ಕಥೆ ಇದ್ದ ಹಾಗೇ ಇದೆ. 1953ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂತು.

ಈಗ ನನ್ನ ಪಕ್ಕದ ಮನೆಯ ಅಜ್ಜಿಯ ವಿಷಯ ಹೇಳುತ್ತೇನೆ. ಅದನ್ನು ಹೇಳದೆ ನನಗೆ ಫಿನ್ಲೆಂಡಿನ ಟಿವಿ ಬಗ್ಗೆ ಮಾತಾಡಲು ಬರುವುದಿಲ್ಲ.

2007ನೇ ಇಸವಿ. ಆ ವರ್ಷ ಆಗಸ್ಟ್ ತಿಂಗಳ ಕೊನೆಗೆ ಫಿನ್ಲೆಂಡಿನಲ್ಲಿ ಹಳೆಯ ಅನಲಾಗ್ ಪ್ರಸಾರ ನಿಂತಿತು. ಆ್ಯಂಟೆನಾ ಇದ್ದವರೆಲ್ಲ ಟಿವಿಗೆ ಡಿಜಿಟಲ್ ಪೆಟ್ಟಿಗೆ ತಗುಲಿಸಬೇಕು. ಪಕ್ಕದ ಮನೆಯ ಅಜ್ಜಿಗೆ ಆಗ ಎಪ್ಪತ್ತೆಂಟು ವರ್ಷ. ಭಾರತದಿಂದ ಬಂದವರಿಗೆಲ್ಲ ಕಂಪ್ಯೂಟರ್ ಬರುತ್ತದೆ ಎಂದು ಅವರ ನಂಬಿಕೆ. ಬಂದು ನನ್ನ ಕೈ ಹಿಡಿದು ಕರಕೊಂಡು ಹೋದರು. ಮನೆಯೊಳಗೆ ಕಾಲಿಟ್ಟರೆ ಏಲಕ್ಕಿ ಘಮ! ಫಿನ್ಲೆಂಡಿನವರು ಪುಲ್ಲಾ ಎಂಬ ಸಿಹಿ ಬನ್ನಿಗೆ ಏಲಕ್ಕಿಯನ್ನು ಒರಟಾಗಿ ಕುಟ್ಟಿ ಹಾಕುತ್ತಾರೆ. ಮೈನಸ್ ಡಿಗ್ರಿ ಚಳಿಯ ಊರಿನಲ್ಲಿ ಆ ವಾಸನೆಗೆ ನನಗೆ ಕಣ್ಣು ತುಂಬಿ ಬಂದಿತ್ತು.

ಪೆಟ್ಟಿಗೆ ಜೋಡಿಸಿದೆ, ಚಿತ್ರ ಬಂತು. ಅಂದಿನಿಂದ ಶನಿವಾರ ಸಂಜೆ ಅವರ ಮನೆಗೆ ಹೋಗುವುದು ರೂಢಿಯಾಯಿತು. ಅಜ್ಜಿಗೆ ಮೊಮ್ಮಗಳೊಬ್ಬಳಿದ್ದಳು, ಎಂಟು ವರ್ಷದವಳು. ಅಲ್ಲಿ ಮಕ್ಕಳು ಶಾಲೆಗೆ ಸೇರುವುದೇ ಏಳನೇ ವರ್ಷಕ್ಕೆ. ಆದರೆ ಓದು ಬೇಗ ಬರುತ್ತದೆ. ಯಾಕೆಂದರೆ ಫಿನ್ನಿಶ್ ನಮ್ಮ ಕನ್ನಡದ ಹಾಗೆ, ಬರೆದಂತೆ ಓದು, ಓದಿದಂತೆ ಬರೆ. ಅಜ್ಜಿಗೆ ಕಣ್ಣು ಮಂಜಾಗಿತ್ತು, ಮೇಲಾಗಿ ಕೈಯಲ್ಲಿ ಸದಾ ಉಣ್ಣೆಯ ಕಾಲುಚೀಲದ ಹೆಣಿಗೆ. ಅದಕ್ಕೆ ಮೊಮ್ಮಗಳು ನೆಲದ ಮೇಲೆ, ಟಿವಿಗೆ ಹತ್ತಿರ ಕೂತು ಅಡಿಬರಹವನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೊದಮೊದಲು ಒಂದು ಸಾಲು ಓದುವಷ್ಟರಲ್ಲಿ ಎರಡು ಸಾಲು ಹಾರಿಹೋಗುತ್ತಿತ್ತು. ಅಕ್ಟೋಬರ್ ಕಳೆಯುವ ಹೊತ್ತಿಗೆ ಒಂದೂ ತಪ್ಪುತ್ತಿರಲಿಲ್ಲ. ಯಾವ ಮೇಷ್ಟ್ರೂ ಮಾಡಿಸದ ಪಾಠ ಅದು.

ಒಂದು ಸಂಜೆ ನಮ್ಮ ದೇಶದ ಬಗ್ಗೆ ಸಾಕ್ಷ್ಯಚಿತ್ರ ಬಂತು. ಉತ್ತರ ಭಾರತದ ಒಂದು ಹಳ್ಳಿ, ಒಂದು ಬೋರ್‌ವೆಲ್ ಪಂಪು, ಕೊಡ ಹಿಡಿದ ಒಬ್ಬ ಮುದುಕಿ. ಅವಳು ಹಿಂದಿಯಲ್ಲಿ ಮಾತಾಡುತ್ತಿದ್ದಾಳೆ. ಬೇರೆ ದೇಶದಲ್ಲಾಗಿದ್ದರೆ ಆ ಮುದುಕಿಯ ಮಾತಿನ ಮೇಲೆ ಯಾರೋ ಗಂಡಸಿನ ದನಿ ಹೊದಿಸಿ ಅವಳನ್ನು ಮೂಕಿ ಮಾಡಿಬಿಡುತ್ತಿದ್ದರು. ಇಲ್ಲಿ ಅವಳ ಕೆಮ್ಮು ಸಹ ಕೇಳುತ್ತಿತ್ತು. ಪ್ರಶ್ನೆ ಕೇಳುತ್ತಿದ್ದ ಹುಡುಗಿಗೆ ಅವಳು 'ಬೇಟಾ' ಅಂದಳು.

ಮೊಮ್ಮಗಳು ತಿರುಗಿ ನನ್ನ ಮುಖ ನೋಡಿ, 'ಇಲ್ಲಿ ಬರೆದಿರುವುದು ಸರಿ ಇದೆಯಾ?' ಎಂದು ಕೇಳಿದಳು.

'ಏನು ಬರೆದಿದೆ?' ಅಂದೆ.

'ಲಾಪ್ಸೆನಿ.'

ಲಾಪ್ಸೆನಿ ಅಂದರೆ 'ನನ್ನ ಮಗು'. ನನ್ನ ಫಿನ್ನಿಶ್ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೇಳುವಷ್ಟೇ ಇತ್ತು, ಆದರೆ ಆ ಪದ ಗೊತ್ತಿತ್ತು. ನೋಡಿ, ಬೇಟಾ ಎಂದರೆ ನಿಘಂಟಿನಲ್ಲಿ ಮಗ. ಆದರೆ ಆ ಮುದುಕಿ ಅಂದದ್ದು ಹುಡುಗಿಗೆ, ಪ್ರೀತಿಯಿಂದ. ಯಾರೋ ಒಬ್ಬ ಅನುವಾದಕಿ ಹೆಲ್ಸಿಂಕಿಯಲ್ಲೋ ಎಲ್ಲೋ ಕೂತು, ಇದು ಗಂಡುಮಗನಿಗೆ ಹೇಳಿದ ಮಾತಲ್ಲ, ವಾತ್ಸಲ್ಯದ ಮಾತು ಎಂದು ಯೋಚಿಸಿ ಆ ಪದ ಹಾಕಿದ್ದಾಳೆ. ಸರಿ ಇದೆ ಅಂದೆ. ಅಜ್ಜಿ ಹೆಣಿಗೆ ನಿಲ್ಲಿಸಿ 'ಬೇಟಾ' ಎಂದು ತಾವೂ ಒಮ್ಮೆ ಹೇಳಿ ನೋಡಿದರು. ಅವತ್ತಿನಿಂದ ಮೊಮ್ಮಗಳನ್ನು ಆಗಾಗ ಬೇಟಾ ಎಂದು ಕರೆಯುತ್ತಿದ್ದರು. ಡಬ್ಬಿಂಗ್ ಮಾಡಿದ್ದರೆ ಆ ಪದ ಆ ಮನೆಗೆ ಬರುತ್ತಿತ್ತೇ? ದನಿ ಅವರದಾಗಿಯೇ ಉಳಿದದ್ದಕ್ಕೆ ಬಂತು.

ಅಜ್ಜಿಯ ಕಥೆ ಇನ್ನೊಂದು ಸ್ವಲ್ಪ ಇದೆ. ಡಿಸೆಂಬರ್ 6 ಫಿನ್ಲೆಂಡಿನ ಸ್ವಾತಂತ್ರ್ಯ ದಿನ. ಸಂಜೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿಡುತ್ತಾರೆ. ರಾತ್ರಿ ರಾಷ್ಟ್ರಾಧ್ಯಕ್ಷರ ಔತಣಕೂಟದ ನೇರಪ್ರಸಾರ. ಸಾಲಾಗಿ ಬರುವ ಅತಿಥಿಗಳ ಕೈಕುಲುಕುವುದನ್ನು ಗಂಟೆಗಟ್ಟಲೆ ತೋರಿಸುತ್ತಾರೆ, ಇಡೀ ದೇಶ ಕೂತು ನೋಡುತ್ತದೆ. ಅದಕ್ಕೂ ಮೊದಲು ಹಗಲಲ್ಲಿ ಒಂದು ಸಿನಿಮಾ ಹಾಕುತ್ತಾರೆ, ವರ್ಷ ವರ್ಷವೂ ಅದೇ. 'ತುಂತೆಮಾತೋನ್ ಸೋತಿಲಾಸ್', 'ಅಜ್ಞಾತ ಸೈನಿಕ'. ವೈನೋ ಲಿನ್ನಾ ಬರೆದ ಕಾದಂಬರಿ, ಎಡ್ವಿನ್ ಲೈನೆ 1955ರಲ್ಲಿ ಮಾಡಿದ ಚಿತ್ರ. 1941ರಿಂದ 44ರವರೆಗೆ ಸೋವಿಯತ್ ಒಕ್ಕೂಟದ ಜೊತೆ ನಡೆದ ಯುದ್ಧದಲ್ಲಿ ಒಂದು ಮೆಶಿನ್‌ಗನ್ ತುಕಡಿಯ ಕಥೆ.

ಆ ಚಿತ್ರದ ಜೀವಾಳ ಅದರ ಮಾತು. ಒಬ್ಬೊಬ್ಬ ಸೈನಿಕನೂ ತನ್ನ ಸೀಮೆಯ ನುಡಿಯಲ್ಲೇ ಮಾತಾಡುತ್ತಾನೆ. ಒಂದೇ ಕಂದಕದಲ್ಲಿ ಧಾರವಾಡದವನು, ಕುಂದಾಪುರದವನು, ಮಂಡ್ಯದವನು ಕೂತು ಹರಟಿದ ಹಾಗೆ. ಅದರಲ್ಲಿ ರೊಕ್ಕಾ ಎಂಬ ರೈತ ಪೂರ್ವ ಗಡಿಯ ಕರೇಲಿಯಾ ಸೀಮೆಯವನು. ಯುದ್ಧದ ಕೊನೆಗೆ ಆ ನಾಡು ಸೋವಿಯತ್ ಪಾಲಾಯಿತು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ನಮ್ಮ ಅಜ್ಜಿಯೂ ಹಾಗೆ ಬಂದವರು. ಅವರ ಅಣ್ಣ ಯುದ್ಧದಿಂದ ಮರಳಲಿಲ್ಲ.

ರೊಕ್ಕಾ ಬಾಯಿ ತೆರೆದಾಗಲೆಲ್ಲ ಅಜ್ಜಿಯ ತುಟಿ ಅಲುಗುತ್ತಿತ್ತು. ಮಾತು ಅವನಿಗಿಂತ ಅರೆಕ್ಷಣ ಮುಂಚೆಯೇ ಅವರ ಬಾಯಲ್ಲಿ ಬರುತ್ತಿತ್ತು. ಹೆಣಿಗೆ ಮಡಿಲಲ್ಲಿ ಬಿದ್ದಿತ್ತು. 'ನಮ್ಮೂರಲ್ಲಿ ಹೀಗೇ ಮಾತಾಡುತ್ತಿದ್ದರು' ಎಂದರು, ಅಷ್ಟೇ. ಆ ಊರು ಈಗ ಅವರಿಗಿಲ್ಲ, ಆ ಮಾತಾಡುವವರೂ ಹೆಚ್ಚಿಲ್ಲ. ವರ್ಷಕ್ಕೊಮ್ಮೆ ಟಿವಿಯಲ್ಲಿ ಆ ದನಿ ಬರುತ್ತದೆ. ಆ ಚಿತ್ರಕ್ಕೆ ಬೇರೆ ದನಿ ಹಾಕಿದರೆ ಏನು ಉಳಿಯುತ್ತದೆ, ನೀವೇ ಹೇಳಿ.

ಸಮಯ ಓಡುತ್ತಿದೆ, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಸಾಕ್ಷ್ಯಚಿತ್ರಕ್ಕೆ ಫಿನ್ಲೆಂಡಿನ ಟಿವಿ ಕೊಡುವ ಜಾಗ ದೊಡ್ಡದು. 2010ರಲ್ಲಿ 'ಮಿಯೆಸ್ತೆನ್ ವುಒರೊ', ಅಂದರೆ 'ಗಂಡಸರ ಸರದಿ' ಎಂಬ ಚಿತ್ರ ಬಂತು. ಗಂಡಸರು ಸೌನಾ, ಅಂದರೆ ಹಬೆಸ್ನಾನದ ಕೋಣೆಯ ಬಿಸಿ ಹಬೆಯಲ್ಲಿ ಕೂತು ತಮ್ಮ ದುಃಖ ಹೇಳಿಕೊಳ್ಳುತ್ತಾರೆ. ಹಳೆಯ ಟೆಲಿಫೋನ್ ಬೂತನ್ನೂ ಒಬ್ಬರು ಸೌನಾ ಮಾಡಿಕೊಂಡಿದ್ದಾರೆ! ಕೆಂಡದಂಥ ಕಲ್ಲಿನ ಮೇಲೆ ನೀರು ಬಿದ್ದು ಚುಂಯ್ ಎನ್ನುತ್ತದೆ, ಆಮೇಲೆ ಮೌನ, ಆಮೇಲೆ ಒಂದು ಮಾತು. ಆ ವರ್ಷ ಆಸ್ಕರಿಗೆ ಫಿನ್ಲೆಂಡ್ ಕಳಿಸಿದ್ದು ಆ ಸಾಕ್ಷ್ಯಚಿತ್ರವನ್ನೇ. ಅಲ್ಲಿನ ನಿರ್ದೇಶಕ ಆಕಿ ಕೌರಿಸ್ಮಾಕಿಯ ಸಿನಿಮಾಗಳೂ ಹಾಗೆಯೇ, ಮಾತು ಕಡಿಮೆ. ನೆನಪು ಕಳೆದುಕೊಂಡ ಮನುಷ್ಯನ ಕುರಿತ ಅವರ ಚಿತ್ರಕ್ಕೆ 2002ರಲ್ಲಿ ಕಾನ್‌ನಲ್ಲಿ ಗ್ರ್ಯಾಂಡ್ ಪ್ರಿ ಎಂಬ ದೊಡ್ಡ ಬಹುಮಾನ ಬಂತು.

ಉತ್ತರದ ಮೂಲನಿವಾಸಿಗಳಾದ ಸಾಮಿ ಜನರಿಗೆ ಅವರದೇ ನುಡಿಯಲ್ಲಿ ಸುದ್ದಿ, ಮಕ್ಕಳ ಕಾರ್ಯಕ್ರಮ ಇದೆ. ಸಾಮಿ ನುಡಿಗಳಲ್ಲಿ ಇನಾರಿ ಸಾಮಿ ಎಂಬ ಭಾಷೆಯನ್ನಾಡುವವರು ಕೆಲವೇ ನೂರು ಜನ. ಕೆಲವೇ ನೂರು ಜನರ ಭಾಷೆ ಟಿವಿಯಲ್ಲಿ!

ಇನ್ನು ಎಸ್ಟೋನಿಯಾ. ಇದಕ್ಕೇ ಒಂದು ಭಾಷಣ ಬೇಕಿತ್ತು. ಹೆಲ್ಸಿಂಕಿಯಿಂದ ಸಮುದ್ರದಾಚೆ 80 ಕಿಲೋಮೀಟರ್ ದೂರದಲ್ಲಿ ಎಸ್ಟೋನಿಯಾದ ರಾಜಧಾನಿ ಟಾಲಿನ್, ಒಂದು ಕಾಲದಲ್ಲಿ ಸೋವಿಯತ್ ಆಡಳಿತದಲ್ಲಿತ್ತು. 1971ರಲ್ಲಿ ಎಸ್ಪೂ ಎಂಬಲ್ಲಿ ಫಿನ್ಲೆಂಡಿನವರು ಎತ್ತರದ ಟಿವಿ ಗೋಪುರ ನಿಲ್ಲಿಸಿದರು. ಟಾಲಿನ್ನಿನ ಮಾಳಿಗೆಗಳ ಮೇಲಿನ ಆ್ಯಂಟೆನಾಗಳೆಲ್ಲ ಉತ್ತರಕ್ಕೆ ತಿರುಗಿದವು. ಸೋವಿಯತ್ ಟಿವಿ ಸೆಟ್ಟಿನಲ್ಲಿ ಫಿನ್ಲೆಂಡಿನ ದನಿ ಬರುತ್ತಿರಲಿಲ್ಲ, ಅದಕ್ಕೆ ಕೈಯಿಂದ ಮಾಡಿದ ಪುಟ್ಟ ಬಿಡಿಭಾಗವೊಂದನ್ನು ಗುಟ್ಟಾಗಿ ಕೂರಿಸಿಕೊಳ್ಳುತ್ತಿದ್ದರು. ಅಮೆರಿಕದ ಧಾರಾವಾಹಿ ನೋಡುತ್ತ, ಕೆಳಗಿನ ಅಕ್ಷರ ಓದುತ್ತ ಒಂದು ಪೀಳಿಗೆಯೇ ಫಿನ್ನಿಶ್ ಕಲಿತುಬಿಟ್ಟಿತು. ತರಗತಿ ಇಲ್ಲ, ಪುಸ್ತಕ ಇಲ್ಲ. ಎರಡು ಸಾಲು ಅಡಿಬರಹದ ಶಕ್ತಿ ಅದು.

ಓದು ಬಾರದ ಪುಟ್ಟ ಮಕ್ಕಳ ಕಾರ್ಟೂನಿಗೆ ಮಾತ್ರ ಫಿನ್ನಿಶ್ ದನಿ ಹಾಕುತ್ತಾರೆ. ಅಕ್ಷರ ಬಂದ ಮೇಲೆ ಅಡಿಬರಹ.

ಇಲ್ಲಿ ಒಂದು ಮಾತಿಗೆ ನಾನು ಉತ್ತರ ಕೊಡಲೇಬೇಕು, ಕೇಳಿ ಕೇಳಿ ಸಾಕಾಗಿದೆ. 'ನಮ್ಮ ಜನ ಪರದೆ ಮೇಲೆ ಓದುವುದಿಲ್ಲ ಮೇಡಂ, ಕನ್ನಡದ ಪದ ಉದ್ದ, ಜಾಗ ಹಿಡಿಸುವುದಿಲ್ಲ' ಎನ್ನುತ್ತಾರೆ. ಫಿನ್ನಿಶ್ ಪದ ಇನ್ನೂ ಉದ್ದ ಇದೆಯಲ್ಲ! 'ತಾಲೊಸ್ಸಾನಿಕಿನ್' ಎಂಬುದು ಒಂದೇ ಪದ. ತಾಲೊ ಅಂದರೆ ಮನೆ, ಸ್ಸಾ ಅಂದರೆ ಅಲ್ಲಿ, ನಿ ಅಂದರೆ ನನ್ನ, ಕಿನ್ ಅಂದರೆ ಊ. 'ನನ್ನ ಮನೆಯಲ್ಲೂ'. ನಾವು ಮನೆ, ಅಲ್ಲಿ, ಊ ಸೇರಿಸಿ ಮನೆಯಲ್ಲೂ ಅನ್ನುವುದಿಲ್ಲವೇ, ಹಾಗೇ. ಅಷ್ಟುದ್ದದ ಪದಗಳನ್ನು ಎರಡು ಸಾಲಿಗೆ ಹೊಂದಿಸಿ ಅರ್ಧ ಶತಮಾನದಿಂದ ಬರೆಯುತ್ತಿದ್ದಾರೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. 56 ಲಕ್ಷ ಜನರ ದೇಶಕ್ಕೆ ಆಗುವುದು ನಮಗೆ ಆಗದೇ? ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಬರುತ್ತಿದ್ದ ಪ್ರಾದೇಶಿಕ ಚಿತ್ರಗಳು ನೆನಪಿವೆಯೇ? ಬಂಗಾಳಿ, ಮಲಯಾಳಂ, ಅಸ್ಸಾಮಿ ಸಿನಿಮಾಗಳನ್ನು ನಮ್ಮ ಮನೆಯಲ್ಲಿ ಅಪ್ಪ ಇಂಗ್ಲಿಷ್ ಅಡಿಬರಹ ಓದಿ ಹೇಳುತ್ತಿದ್ದರು, ಅಮ್ಮ ಕೇಳುತ್ತಿದ್ದಳು. ಆ ಎರಡು ಸಾಲು ಕನ್ನಡದಲ್ಲಿದ್ದಿದ್ದರೆ ಅಮ್ಮ ತಾನೇ ಓದಿಕೊಳ್ಳುತ್ತಿದ್ದಳು.

ನಿಮ್ಮಲ್ಲಿ ಒಂದು ಕೇಳಿಕೆ. ಈಗ ಎಲ್ಲರ ಫೋನಿನಲ್ಲೂ ಸಿನಿಮಾ ಬರುತ್ತದೆ. ಇವತ್ತು ರಾತ್ರಿ ಗೊತ್ತಿಲ್ಲದ ಭಾಷೆಯ ಒಂದು ಚಿತ್ರ ತೆರೆದು ಅಡಿಬರಹದ ಪಟ್ಟಿ ನೋಡಿ. ಅಲ್ಲಿ ಕನ್ನಡ ಇದ್ದರೆ ಹಾಕಿಕೊಂಡು, ಮನೆಯಲ್ಲಿ ಓದಲು ಕಲಿಯುತ್ತಿರುವ ಮಗುವಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಟ್ಟಿಯಾಗಿ ಓದಲಿ, ತಡವರಿಸಿದರೂ ಓದಲಿ. ಕನ್ನಡ ಇಲ್ಲದಿದ್ದರೆ, ಬೇಕು ಎಂದು ಆ ಕಂಪನಿಗೆ ಎರಡು ಸಾಲು ಬರೆದು ಕಳಿಸಿ.

ನಮಸ್ಕಾರ.