ಬೀದಿಯಲ್ಲಿ ಹಾಡಲು ಹೋದೆ, ಬಿಸಿಲು ಶ್ರುತಿ ಕೆಡಿಸಿತು

ನಮಸ್ಕಾರ. ಗಿಟಾರ್ ಕೇಸ್ ಬಿಚ್ಚುವುದು, ಮೈಕ್ ಸ್ಟ್ಯಾಂಡ್ ನಿಲ್ಲಿಸುವುದು, ಆಂಪ್, ಅಂದರೆ ದನಿ ದೊಡ್ಡದು ಮಾಡುವ ಪೆಟ್ಟಿಗೆ, ಹಚ್ಚುವುದು ಎಲ್ಲ ವಿಡಿಯೋದಲ್ಲಿ ಫಾಸ್ಟ್ ಫಾರ್ವರ್ಡ್‌ನಲ್ಲಿ ಓಡುತ್ತಿದೆ, ನೋಡುತ್ತಿರಿ. ಕೇಬಲ್ ಗಂಟು ಬಿಡಿಸಲು ಎಷ್ಟು ಹೊತ್ತು ಹಿಡಿಯಿತು ಅಂತ ಮಾತ್ರ ಕೇಳಬೇಡಿ.

ಬೀದಿ ಗಾಯನ, ಬಸ್ಕಿಂಗ್ ಅಂತಾರಲ್ಲ, ಅದು. ನಾನು ಈ ಆಟಕ್ಕೆ ಹೊಸಬ. ಹಾಗಾಗಿ ಇಲ್ಲಿ ಹೇಳುವುದನ್ನೆಲ್ಲ ದೊಡ್ಡ ಉಪದೇಶ ಅಂದುಕೊಳ್ಳಬೇಡಿ, ಸುಮ್ನೆ ಮಾತಾಡುತ್ತಿದ್ದೇನೆ.

ಮೊದಲು ಜಾಗ. ಜನ ಜಾಸ್ತಿ ಇರುವ ಕಡೆ ನಿಂತರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಲದು. ಓಡುವ ಜನ ಬೇಡ, ನಿಧಾನಕ್ಕೆ ನಡೆಯುವ ಜನ ಬೇಕು. ಬೆನ್ನಿಗೆ ಗೋಡೆ ಇರಬೇಕು. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಗೋಡೆ ಇದ್ದರೆ ಹಿಂದಕ್ಕೆ ಹೋಗುವ ದನಿಯೂ ತಿರುಗಿ ಮುಂದಕ್ಕೆ ಬರುತ್ತದೆ. ಮನೆಯ ಕೋಣೆಯಲ್ಲಿ ಅಷ್ಟು ತುಂಬಿಕೊಂಡಿದ್ದ ನನ್ನ ದನಿ ಇಲ್ಲಿ ಎಲ್ಲಿ ಹೋಯಿತು ಅಂತ ಹುಡುಕುವ ಹಾಗಾಯಿತು. ಇನ್ನು ಅನುಮತಿಯ ವಿಷಯ, ಅದು ಊರಿಂದ ಊರಿಗೆ ಬೇರೆ. ಲಂಡನ್ನಿನ ಅಂಡರ್‌ಗ್ರೌಂಡ್, ಅಂದರೆ ನೆಲದಡಿಯ ರೈಲಿನ, ಸ್ಟೇಷನ್‌ಗಳಲ್ಲಿ 2003ರಿಂದ ಲೈಸೆನ್ಸ್ ಪದ್ಧತಿ ಇದೆ, ಆಡಿಷನ್ ಕೊಡಬೇಕು, ನೆಲದ ಮೇಲೆ ಬಳಿದ ಅರ್ಧವೃತ್ತದೊಳಗೇ ನಿಲ್ಲಬೇಕು. ಜಾಗಕ್ಕಾಗಿ ಜಗಳವೇ ಇಲ್ಲ, ಎಷ್ಟು ಆರಾಮ ಅಲ್ವಾ? ಆದರೆ ಆಡಿಷನ್ ಅಂದರೆ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಬೇಡಪ್ಪಾ, ಬೀದಿಯೇ ವಾಸಿ.

ಕೇಸ್‌ನಲ್ಲಿ ಕಾಣುತ್ತಿರುವ ದುಡ್ಡು ನನ್ನದೇ. ಖಾಲಿ ಕೇಸ್‌ಗೆ ಮೊದಲ ನಾಣ್ಯ ಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ. ನೋಟಿನ ಮೇಲೆ ಚಿಲ್ಲರೆ ಇಟ್ಟಿದ್ದೇನೆ, ಗಾಳಿಗೆ ಹಾರದಿರಲಿ ಅಂತ.

ಇದು ಮೊದಲ ಹಾಡು. ಚೆನ್ನಾಗಿಯೇ ಹೋಯಿತು. ನಾಲ್ಕೈದು ಜನ ನಿಂತರು, ಒಬ್ಬರು ಫೋನ್ ಎತ್ತಿದರು, ಒಂದು ಮಗು ಆಂಪ್ ಮುಂದೆ ಕೂತೇಬಿಟ್ಟಿತು.

ಈಗ ನೋಡಿ, ಎರಡನೇ ಹಾಡು. ಕೇಳಿಸಿತಾ? ಎರಡನೇ ತಂತಿ. ಪೂರ್ತಿ ಇಳಿದಿದೆ. ಈ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಆವತ್ತಿಡೀ ನನ್ನ ಜೀವ ತಿಂದದ್ದು ಇದೇ. ನೆರಳಿನಲ್ಲಿ ಶ್ರುತಿ ಮಾಡಿಕೊಂಡು ಬಿಸಿಲಿಗೆ ಬಂದು ನಿಂತಿದ್ದೆ. ಉಕ್ಕಿನ ತಂತಿ ತೆಳ್ಳಗಿರುತ್ತದೆ, ಬೇಗ ಕಾಯುತ್ತದೆ. ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಬಿಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಆರು ತಂತಿಗಳೂ ಒಂದೇ ಅಳತೆಗೆ ಇಳಿದಿದ್ದರೆ ನಾನೂ ಅಷ್ಟೇ ಇಳಿಸಿ ಹಾಡುತ್ತಿದ್ದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಇವು ಒಂದೊಂದೂ ತನ್ನಿಷ್ಟ ಬಂದಷ್ಟು ಇಳಿಯುತ್ತವೆ. ಸರಿ, ಏರಿಸಿದೆ. ಅಷ್ಟರಲ್ಲಿ ಮೋಡ ಬಂತು! ತಂತಿ ತಣ್ಣಗಾಗಿ ಈಗ ಶ್ರುತಿ ಮೇಲೆ. ಮೋಡ ಹೋಯಿತು, ಮತ್ತೆ ಕೆಳಗೆ. ಗಿಟಾರ್ ನುಡಿಸುತ್ತಿದ್ದೇನೋ ಹವಾಮಾನ ವರದಿ ಓದುತ್ತಿದ್ದೇನೋ ಗೊತ್ತಾಗಲಿಲ್ಲ.

ಶ್ರುತಿ ಸರಿ ಇದೆಯಾ ಅಂತ ತೋರಿಸುವ ಟ್ಯೂನರ್ ಇತ್ತಲ್ಲ ಅಂತೀರಿ. ಇತ್ತು. ಗಿಟಾರಿನ ತಲೆಭಾಗಕ್ಕೆ ಕಚ್ಚಿಸುವ ಟ್ಯೂನರ್, ಮರದ ಕಂಪನ ಹಿಡಿಯುತ್ತದೆ, ಹಾಗಾಗಿ ಪಕ್ಕದಲ್ಲಿ ಬಸ್ಸು ಹಾರ್ನ್ ಹೊಡೆದರೂ ಅದಕ್ಕೆ ಚಿಂತೆ ಇಲ್ಲ. ಆದರೆ ಅದರ ಪರದೆ ಬಿಸಿಲಿಗೆ ಕಾಣುವುದೇ ಇಲ್ಲ! ಒಂದು ಕೈ ಪರದೆಗೆ ಮರೆ, ಒಂದು ಕೈ ತಂತಿ ಬಿಗಿಸುವ ಕೀ ತಿರುಗಿಸಲು, ತಂತಿ ಮೀಟಲು ಮೂರನೇ ಕೈ ಎಲ್ಲಿಂದ ತರಲಿ? ಗಲ್ಲದಲ್ಲಿ ಮರೆ ಮಾಡಲು ನೋಡುತ್ತಿದ್ದೇನೆ, ಕಾಣುತ್ತಿದೆಯಾ, ನಗಬೇಡಿ. ಅದರ ಮೇಲೆ ಶ್ರುತಿಯನ್ನು ಕೆಳಗಿನಿಂದಲೇ ಏರಿಸಿ ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಕೀಯಲ್ಲಿ ಸಡಿಲ ಉಳಿದು, ಎರಡು ಸಲ ಮೀಟುವಷ್ಟರಲ್ಲಿ ಮತ್ತೆ ಜಾರುತ್ತದೆ.

ತಲೆ ಎತ್ತಿ ನೋಡಿದರೆ ಯಾರೂ ಇಲ್ಲ. ಮಗುವನ್ನೂ ಕರೆದುಕೊಂಡು ಹೋಗಿದ್ದಾರೆ.

ಬೀದಿಯಲ್ಲಿ ಕಷ್ಟ ಇರುವುದು ಹಾಡಿನಲ್ಲಿ ಅಲ್ಲ, ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಜಾಗದಲ್ಲಿ. ವೇದಿಕೆ ಮೇಲಾದರೆ ಆ ಹೊತ್ತಿಗೆ ಚಪ್ಪಾಳೆ ಬೀಳುತ್ತದೆ, ನೀರು ಕುಡಿಯಬಹುದು. ಇಲ್ಲಿ ದನಿ ನಿಂತ ಕೂಡಲೇ ಜನರ ಕಾಲು ಹೊರಡುತ್ತದೆ. ಜೋಶುವಾ ಬೆಲ್ ಅಂತ ದೊಡ್ಡ ವಯಲಿನ್ ವಾದಕ, 2007ರ ಜನವರಿಯಲ್ಲಿ ವಾಷಿಂಗ್ಟನ್ನಿನ ಒಂದು ಮೆಟ್ರೋ ಸ್ಟೇಷನ್‌ನಲ್ಲಿ ಟೋಪಿ ಹಾಕಿಕೊಂಡು ನಿಂತು ನುಡಿಸಿದರು. ಒಂದು ಪತ್ರಿಕೆ ಮಾಡಿದ ಪರೀಕ್ಷೆ ಅದು. ಕೈಯಲ್ಲಿ 1713ರ ಸ್ಟ್ರಾಡಿವೇರಿಯಸ್, ಅಂದರೆ ಬಹಳ ಹೆಸರುವಾಸಿಯಾದ ಹಳೇ ವಯಲಿನ್. 43 ನಿಮಿಷದಲ್ಲಿ 1,097 ಜನ ಹಾದುಹೋದರು, ನಿಂತು ಕೇಳಿದ್ದು 7 ಜನ, ಸಿಕ್ಕಿದ್ದು 32 ಡಾಲರ್ ಚಿಲ್ಲರೆ. ಎಲ್ಲರೂ ಈ ಲೆಕ್ಕವನ್ನೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಒಂದು ರಚನೆ ಮುಗಿದಾಗ ಒಂದು ಚಪ್ಪಾಳೆಯೂ ಇಲ್ಲ, ಆ ಮುಜುಗರ ತಡೆಯಲಾಗದೆ ಅವರು ಒಂದು ಸಣ್ಣ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಎಳೆದು ಮುಂದಿನದಕ್ಕೆ ಜಾರಿಕೊಳ್ಳುತ್ತಿದ್ದರಂತೆ. ಅಂಥವರಿಗೇ ಹಾಗೆ! ಅಲ್ಲೂ ಮಕ್ಕಳು ನಿಲ್ಲಲು ನೋಡಿದವು, ದೊಡ್ಡವರು ಎಳೆದುಕೊಂಡು ನಡೆದರು.

ಹಾಗಾಗಿ ಈಗ ನಾನು ಹಾಡಿನ ಕೊನೆಯ ಕಾರ್ಡ್ ಬಿಡುವುದೇ ಇಲ್ಲ. ಅದನ್ನೇ ನಿಧಾನಕ್ಕೆ ಮೀಟುತ್ತಾ ಎರಡು ಮಾತಾಡಿ, ಅದರಿಂದಲೇ ಮುಂದಿನ ಹಾಡಿಗೆ ಹೋಗುತ್ತೇನೆ. ಪಟ್ಟಿ ಉದ್ದ ಬೇಕಿಲ್ಲ, ಏಳೆಂಟು ಹಾಡು ಗಟ್ಟಿಯಾಗಿದ್ದರೆ ಸಾಕು, ಜನ ಹೇಗೂ ಬದಲಾಗುತ್ತಿರುತ್ತಾರೆ.

ರೆಕಾರ್ಡ್ ಮಾಡಿದ ಪಕ್ಕವಾದ್ಯದ ಟ್ರ್ಯಾಕ್ ಹಾಕಿಕೊಂಡು ಹಾಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅದು ಬೀದಿ ಸಂಗೀತವೇ ಅಲ್ಲ ಅಂತ ವಾದ ಮಾಡುತ್ತಿದ್ದೆ. ಬಿಸಿಲಲ್ಲಿ ನಿಂತ ಮೇಲೆ ಅವರ ಮೇಲೆ ಪ್ರೀತಿ ಬಂದಿದೆ. ಅವರ ಟ್ರ್ಯಾಕ್‌ಗೆ ಶ್ರುತಿ ಇಳಿಯುವ ಕಾಟ ಇಲ್ಲ. ಆದರೂ ನಾನು ಹಾಕುವುದಿಲ್ಲ. ಹಾಕಿದರೂ ಹಾಕಬಹುದು.

ಅಯ್ಯೋ, ಶಾಟ್ ಮುಗಿಯುತ್ತಿದೆ. ಇದು ನೆರಳಿನ ಜಾಗ, ಬೆನ್ನಿಗೆ ಗೋಡೆ ಇದೆ, ಟ್ಯೂನರ್ ಪರದೆ ಕಾಣುತ್ತಿದೆ. ಎಲ್ಲಿತ್ತು ಈ ಜಾಗ ಬೆಳಗ್ಗೆ? ಕಂಬದ ಹಿಂದೆ. ಬನ್ನಿ, ಹಾಡು ಶುರುವಾಯಿತು, ನಾನು ಬಾಯಿ ಮುಚ್ಚುತ್ತೇನೆ.