ಕೋಳಿ ಗೂಡಿನ ಹಿಕ್ಕೆ ಹಲಗೆಗೆ ಏನು ಹಾಸಬೇಕು?

ಬೆಳಗ್ಗೆ ಆರೂವರೆ. ಕೋಳಿಗಳನ್ನು ಈಗಷ್ಟೇ ಹೊರಗೆ ಬಿಟ್ಟೆ. ಗೂಡಿನ ಒಳಗೆ ಇನ್ನೂ ಸ್ವಲ್ಪ ಕತ್ತಲು, ಟಾರ್ಚ್ ಹಿಡಿದಿದ್ದೇನೆ. ಮೇಲೆ ಕಾಣುತ್ತಿರುವುದು ಅವು ರಾತ್ರಿ ಕೂರುವ ಗಳು, ಅದರ ಕೆಳಗೆ ಒಂದು ಮೊಳ ಬಿಟ್ಟು ಅಡ್ಡಲಾಗಿ ಇಟ್ಟಿರುವುದೇ ಹಿಕ್ಕೆ ಹಲಗೆ.

ನಮ್ಮೂರು ಪಾಂಡವಪುರದ ಹತ್ತಿರ. ಒಟ್ಟು 14 ಕೋಳಿ, 12 ನಾಟಿ, 2 ಗಿರಿರಾಜ ತಳಿ. ರಾತ್ರಿಯಿಡೀ ಒಂದೇ ಕಡೆ ಕೂತು ಅವು ಹಾಕುವ ಹಿಕ್ಕೆ ಕಡಿಮೆಯೇನಲ್ಲ, ಅದರಲ್ಲಿ ಮುಕ್ಕಾಲು ಪಾಲು ನೀರು. ಆ ನೀರನ್ನು ಯಾವುದು ಬೇಗ ಕುಡಿಯುತ್ತದೆ ಅನ್ನುವುದೇ ನನಗೆ ಮುಖ್ಯ. ಯಾಕೆಂದರೆ ಹಿಕ್ಕೆ ಮೇಲೆ ಬೆಳ್ಳಗೆ ಕಾಣುತ್ತದಲ್ವಾ, ಅದು ಯೂರಿಕ್ ಆಮ್ಲ. ಒದ್ದೆ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ.

ಮೊದಲು ನಾನು ಹಾಕುತ್ತಿದ್ದದ್ದು ಒಲೆ ಬೂದಿ. ಅವ್ವ ಯಾವಾಗಲೂ ಅದನ್ನೇ ಹಾಕುತ್ತಿದ್ದರು, ಮನೆಯಲ್ಲೇ ಸಿಗುತ್ತದೆ, ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಆದರೆ ಹೋದ ವರ್ಷ ಅಕ್ಟೋಬರ್ ಮಳೆಯಲ್ಲಿ, ಎರಚಲು ಬರುತ್ತದೆ ಅಂತ ಕಿಟಕಿಗೆ ಗೋಣಿಚೀಲ ಕಟ್ಟಿ, ಎರಡು ದಿನ ಹಲಗೆಯನ್ನೂ ಕೆರೆಯದೆ ಬಿಟ್ಟಿದ್ದೆ. ಮೂರನೇ ಬೆಳಗ್ಗೆ ಬಾಗಿಲು ತೆಗೆದರೆ ನನ್ನ ಕಣ್ಣೇ ಉರಿಯಿತು. ಕೆಂಪು ಹ್ಯಾಟೆ ಒಂದು ಮೂಲೆಯಲ್ಲಿ ಎಡಗಣ್ಣು ಮುಚ್ಚಿಕೊಂಡು ನಿಂತಿತ್ತು, ರೆಪ್ಪೆ ಅಂಚಿನಲ್ಲಿ ಸಣ್ಣ ನೊರೆ. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು. ಗೋಣಿ ಬಿಚ್ಚಿ ಗಾಳಿ ಬಿಟ್ಟು, ಹಲಗೆ ತೊಳೆದು ಒಣಗಿಸಿದ ಮೇಲೆ ವಾರದಲ್ಲಿ ಸರಿಹೋಯಿತು. ಬೂದಿ ಕ್ಷಾರ. ಒದ್ದೆ ಹಿಕ್ಕೆ ಜೊತೆ ಸೇರಿದರೆ ಅಮೋನಿಯಾ ಅದರಲ್ಲೇ ನಿಲ್ಲದೆ ಗಾಳಿಗೆ ಬಿಡುಗಡೆಯಾಗುತ್ತದೆ. ಸುಣ್ಣವೂ ಹಾಗೆಯೇ. ವಾಸನೆ ಹೋಗಲಿ ಅಂತ ಸುಣ್ಣ ಎರಚುವವರು ದಯವಿಟ್ಟು ಇದನ್ನು ಗಮನಿಸಿ.

ಆಮೇಲೆ ಹಲಗೆಯನ್ನು ಮೂರು ಭಾಗ ಮಾಡಿದೆ. ಒಂದಕ್ಕೆ ಭತ್ತದ ಹೊಟ್ಟು, ಒಂದಕ್ಕೆ ಮರದ ಪುಡಿ, ಇನ್ನೊಂದಕ್ಕೆ ತೆಂಗಿನ ನಾರಿನ ಪುಡಿ, ಅದೇ ಕೊಕೊಪೀಟ್. ಮಂಡ್ಯದಲ್ಲಿ ಹೊಟ್ಟಿಗೆ ಬರವಿಲ್ಲ, ಯಾವ ರೈಸ್ ಮಿಲ್ಲಿಗೆ ಹೋದರೂ ಸಿಗುತ್ತದೆ. ಆದರೆ ಕೈಯಲ್ಲಿ ಹಿಡಿದು ನೋಡಿ, ಹೊರಮೈ ಎಷ್ಟು ಗಟ್ಟಿ, ಎಷ್ಟು ನುಣುಪು. ನೀರು ಅದರ ಒಳಗೆ ಸುಲಭಕ್ಕೆ ಇಳಿಯುವುದಿಲ್ಲ, ಜಾರಿ ಕೆಳಗೆ ಹಲಗೆಗೇ ಹೋಗುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆರೆದರೆ ಅಡಿಯಲ್ಲಿ ಅಂಟು. ನೆಲಕ್ಕೆ ಹಾಸಲು ಹೊಟ್ಟು ಒಳ್ಳೆಯದು, ಬೇಗ ಗಂಟು ಕಟ್ಟುವುದಿಲ್ಲ. ಹಲಗೆಗೆ ಸಾಲದು.

ಮರದ ಪುಡಿ ಪರವಾಗಿಲ್ಲ. ನುಣ್ಣಗಿರುವುದು ಬೇಡ, ದೂಳು ಕೋಳಿಯ ಮೂಗಿಗೆ ಹೋಗುತ್ತದೆ. ಬಡಗಿ ಮರ ಹೆರೆದಾಗ ಬರುವ ಸುರುಳಿ ಸಿಕ್ಕರೆ ತನ್ನಿ.

ನಾರಿನ ಪುಡಿಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಕೋಳಿ ಹಾಕುವ ಹಿಕ್ಕೆ ಎಲ್ಲಾ ಒಂದೇ ತರ ಇರುವುದಿಲ್ಲ. ಹತ್ತರಲ್ಲಿ ಒಂದು ಕಂದು ಬಣ್ಣದ್ದು, ಬೆಲ್ಲದ ಪಾಕದ ಹಾಗೆ ಅಂಟು, ವಾಸನೆಯೂ ಜಾಸ್ತಿ. ಅದು ಕಾಯಿಲೆ ಅಲ್ಲ, ಹೆದರಬೇಡಿ, ಕರುಳಿನ ಬೇರೆ ಚೀಲದಿಂದ ಬರುತ್ತದೆ. ಯಾವುದು ಹಾಸಿದರೂ ಪರೀಕ್ಷೆ ಇದರ ಮುಂದೆಯೇ. ಇಲ್ಲಿ ನೋಡಿ, ಪುಡಿ ಸುತ್ತ ಅಂಟಿಕೊಂಡು ರವೆಯಲ್ಲಿ ಹೊರಳಿಸಿದ ಉಂಡೆ ತರ ಆಗಿದೆ. ಕರಣೆ ತಳ್ಳಿದರೆ ಉರುಳಿಕೊಂಡು ಬರುತ್ತದೆ, ಹಲಗೆಯಲ್ಲಿ ಕಲೆಯೂ ಉಳಿದಿಲ್ಲ. ಈ ಪುಡಿ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. ಅದಕ್ಕೇ ಮದ್ದೂರು ಕಡೆಯಿಂದ ಚೀಲಗಟ್ಟಲೆ ತರುತ್ತೇನೆ. ತಂದಾಗ ಒದ್ದೆ ಇರುತ್ತದೆ, ಹಾಗೇ ಹಾಕಿದರೆ ಏನೂ ಹೀರುವುದಿಲ್ಲ. ಟಾರ್ಪಾಲ್ ಮೇಲೆ ಎರಡು ದಿನ ಬಿಸಿಲಿಗೆ ಹಾಕಲೇಬೇಕು.

ಆಲೆಮನೆಯ ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಹಾಕಬಹುದಾ ಅಂತ ಕೇಳುತ್ತಾರೆ. ಹೀರುತ್ತದೆ, ಆದರೆ ಉಳಿದ ಸಿಹಿಗೆ ಇರುವೆ ಬರುತ್ತವೆ, ಒದ್ದೆಯಾದರೆ ಬೂಸಲು. ಎಂ ಸ್ಯಾಂಡ್ ನೀರು ಹೀರುವುದೇ ಇಲ್ಲ, ಗೊಬ್ಬರಕ್ಕೂ ಬಾರದು.

ಒಂದು ಬೆರಳು ದಪ್ಪ ಸಾಕು. ಜಾಸ್ತಿ ಹಾಸಿದರೆ ಹಿಕ್ಕೆ ಹುದುಗಿ ಹೋಗಿ ಹಸಿರಾಗಿದೆಯಾ, ರಕ್ತ ಇದೆಯಾ ಅನ್ನುವುದು ಕಾಣುವುದಿಲ್ಲ. ದಿನಾ ಬೆಳಗ್ಗೆ ಕೆರೆಯುವುದನ್ನು ಮಾತ್ರ ತಪ್ಪಿಸಬೇಡಿ. ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮಜೀವಿಯ ಮೊಟ್ಟೆಗಳು ಹಿಕ್ಕೆಯಲ್ಲಿ ಹೊರಗೆ ಬಿದ್ದ ತಕ್ಷಣ ರೋಗ ಅಂಟಿಸುವುದಿಲ್ಲ, ತೇವ ಮತ್ತು ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಬಲಿಯಬೇಕು. ಅಷ್ಟರೊಳಗೆ ತೆಗೆದುಬಿಟ್ಟರೆ ಆಯಿತು. ಕೆರೆದ ಮೇಲೆ ಬಗ್ಗಿ, ಗಳುವಿನ ಮಟ್ಟಕ್ಕೆ ಮೂಗು ತಂದು ನೋಡಿ. ನಾವು ನಿಂತು ಮೂಸುವ ಗಾಳಿ ಬೇರೆ, ಅವು ಕೂತು ಉಸಿರಾಡುವ ಗಾಳಿ ಬೇರೆ.

ಕೆರೆದದ್ದೆಲ್ಲ ಈ ಗುಂಡಿಗೆ. ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಕೆಲವು ತಿಂಗಳು ಕೊಳೆಯಲಿ. ಇನ್ನು ಬೂದಿಯನ್ನು ಅವ್ವ ಬಿಸಾಡಲು ಬಿಡಲಿಲ್ಲ. ಈಗ ಹುಣಸೆ ಮರದ ಕೆಳಗೆ ಒಣ ಮಣ್ಣಿಗೆ ಒಂದೆರಡು ಹಿಡಿ ಬೆರೆಸಿಟ್ಟಿದ್ದಾರೆ. ಅಲ್ಲಿ ನೋಡಿ, ಅದೇ ಕೆಂಪು ಹ್ಯಾಟೆ, ರೆಕ್ಕೆ ಬಿಚ್ಚಿ ದೂಳಿನಲ್ಲಿ ಹೊರಳಾಡುತ್ತಿದೆ.